ಅಣಬೆ ಅರಳಿದ ಕೋಣೆ

ಮಾರ್ಚ್ 2
ಕೆಲಸಕ್ಕೆ ಸೇರಿಸುವಾಗ ಕೊಡುತ್ತೇವೆ ಎಂದದ್ದು: ಗಾಳಿ ಹೊರಗೆಳೆಯುವ ಫ್ಯಾನ್, ಒಳ್ಳೆಯ ಮಾಸ್ಕ್, ಕೆಮ್ಮು ಹತ್ತಿದವರಿಗೆ ಬೇರೆ ಕೆಲಸ. ಇವತ್ತು ಕೇಳಿದರೆ ಇಲ್ಲ ಎಂದದ್ದು: ಮೂರೂ. ಇದು ಪ್ಲಾಸ್ಟಿಕ್ ಫ್ಯಾಕ್ಟರಿ ಅಲ್ಲ, ಹಸಿರು ಉದ್ಯಮ, ಇಲ್ಲಿ ವಿಷ ಎಲ್ಲಿಂದ ಬರಬೇಕು — ಮ್ಯಾನೇಜರ್ ಮಾತು.

ನಾನು ಓವನ್ ಹತ್ತಿರ. ಅಕ್ಕ ಬೆಳೆಸುವ ಕೋಣೆಯಲ್ಲಿ. ಭತ್ತದ ಹೊಟ್ಟಿಗೆ ಅಣಬೆ ಬೀಜ ಬೆರೆಸಿ ಅಚ್ಚಿಗೆ ತುಂಬುತ್ತಾಳೆ. ಬಿಳಿ ಎಳೆ ಹಬ್ಬಿ, ಹೊಟ್ಟು ಬಿಗಿದು, ಪ್ಲಾಸ್ಟಿಕ್ ಬದಲು ಸಾಮಾನು ತುಂಬುವ ಪೆಟ್ಟಿಗೆಯಾಗುತ್ತದೆ. ಅಣಬೆ ಅರಳುವ ಮೊದಲೇ ಓವನ್‌ನಲ್ಲಿಟ್ಟು ಸುಡಬೇಕು. ಅರಳಿತೋ, ಧೂಳು ಉದುರಿ ನೇರ ಎದೆಗೆ.

ಅಕ್ಕ ಈಗ ನಾಲ್ಕು ಮೆಟ್ಟಿಲು ಹತ್ತಿದರೆ ಉಸಿರು ಸಾಲದೆ ಕೂರುತ್ತಾಳೆ. "ಅಣಬೆಗೆ ಎಸಿ ಹಾಕ್ತಾರೆ, ನೀರು ಚಿಮುಕಿಸ್ತಾರೆ ಕಣೇ. ನಾನೂ ಅಚ್ಚಲ್ಲೇ ಮಲಗಿಬಿಡ್ತೀನಿ." ನಕ್ಕೆವು. ಅವಳ ನಗು ಕೆಮ್ಮಾಯಿತು.

ಮಾರ್ಚ್ 6
ದೊಡ್ಡ ಖರೀದಿದಾರರು ಬರುತ್ತಾರಂತೆ. ಒಂದು ಸಾಲು ಅಚ್ಚು ಸುಡಬೇಡಿ, ಅರಳಲಿ, ಫೋಟೋಗೆ ಚಂದ — ಆರ್ಡರ್. ಬೇಡ ಸಾರ್ ಎಂದಳು ಅಕ್ಕ. ನಾನೂ ಅಂದೆ. ಗೋಡೆಗೆ ಹೇಳಿದ ಹಾಗಾಯಿತು.

ಮಾರ್ಚ್ 28, ಸಂಜೆ
ಅರಳಿತು. ಸುಳ್ಳೇಕೆ, ಚಂದವೇ ಇತ್ತು. ಮೇಜಿನ ಮೇಲೆಲ್ಲ ಕಂದು ಪುಡಿ. ಅಕ್ಕ ಮೂಗಿಗೆ ಬಟ್ಟೆ ಕಟ್ಟಿದ್ದಳು. ಫೋಟೋದಲ್ಲಿ ಮುಖ ಕಾಣಬೇಕೆಂದು ಬಿಚ್ಚಿಸಿ, ನಡುವೆ ನಿಲ್ಲಿಸಿದರು. ಬಂದವರು ಹೋದ ಮೇಲೆ ಪುಡಿ ಗುಡಿಸಿದವಳೂ ಅವಳೇ.

ಮಾರ್ಚ್ 30
ಆಸ್ಪತ್ರೆ. ಜ್ವರ. ತುಟಿ ನೀಲಿ. ಏನು ಕೆಲಸ ಎಂದು ಡಾಕ್ಟರ್ ಕೇಳಿದರು. ಹೇಳಿದೆ. ಆ ಕೋಣೆಗೆ ಇನ್ನು ಕಾಲಿಡಕೂಡದು ಎಂದರು. ಆಕ್ಸಿಜನ್ ಹಾಕಿದ್ದರು. ಅಕ್ಕ ಏನೋ ಅಂದಳು. ಬಗ್ಗಿ ಕಿವಿಗೊಟ್ಟೆ.
"ಅಂತೂ ಮಾಸ್ಕ್ ಸಿಕ್ತು ನೋಡು."

ಏಪ್ರಿಲ್ 11
ಅಕ್ಕ ಹೋದಳು. ಇಷ್ಟು ಬರೆಯಲು ಇಷ್ಟು ದಿನ ಬೇಕಾಯಿತು.
ಅವಳ ಬಟ್ಟೆ ಒಗೆದೆ. ನೀರು ಕಂದಾಯಿತು. ಚೆಲ್ಲಲು ಕೈ ಬರಲಿಲ್ಲ…

ಏಪ್ರಿಲ್ 13
ಮ್ಯಾನೇಜರ್ ಕರೆಸಿದ. ಮೊದಲ ಸಲ ಕುರ್ಚಿ ಕೊಟ್ಟ. ಅಕ್ಕನ ಎದೆ ಮೊದಲಿಂದಲೂ ಸರಿ ಇರಲಿಲ್ಲವಂತೆ. ಆದರೂ ಕಂಪನಿಗೆ ಕರುಣೆಯಂತೆ.
"ನಿಮ್ಮಕ್ಕನ ಜಾಗ ನಿನಗೇ ಕೊಡ್ತೀವಮ್ಮ."
"ನಿಮ್ಮ ಕುರ್ಚಿನ ಒಂದು ವಾರ ಅಲ್ಲಿ ಹಾಕ್ಕೊಳ್ಳಿ ಸಾರ್. ಆಮೇಲೆ ನೋಡೋಣ."
ಎದ್ದು ಬಂದೆ. ಓವನ್ ಆರಿಸಿದೆ. ಪ್ಯಾಕಿಂಗ್‌ನವರೂ ಕೈ ನಿಲ್ಲಿಸಿದರು.

ಅಣಬೆಯ ಮೇಲೆ ನನಗೆ ಸಿಟ್ಟಿಲ್ಲ. ಪ್ಲಾಸ್ಟಿಕ್ ಹೋಗಲಿ, ಮಣ್ಣು ಉಳಿಯಲಿ. ಅದಕ್ಕೆ ನಮ್ಮ ಎದೆಯನ್ನೇ ಯಾಕೆ ಗೊಬ್ಬರ ಮಾಡಬೇಕು?

ಫ್ಯಾನ್ ಕೂರಿಸುವ ತನಕ ಆ ಕೋಣೆಗೆ ಯಾರೂ ಹೋಗುವುದಿಲ್ಲ. ಉಳಿದದ್ದು ಕೆಲಸದವರೆಲ್ಲರ ಸಭೆಯಲ್ಲಿ ತೀರ್ಮಾನ. ಭಾನುವಾರ, ಬೆಳಿಗ್ಗೆ ಹತ್ತು ಗಂಟೆ, ಫ್ಯಾಕ್ಟರಿ ಗೇಟಿನ ಮುಂದೆ.