ಓದಿದವರು ಅಳಿಸಬೇಕು

ಜೂನ್ 4, ಸೋಮವಾರ. ಸಂಜೆ 6-00

ಆಸಿಡ್ ಬದಲಾಯಿಸಿದೆ. ಬ್ರಾಕೆಟ್ 14, ಕ್ಲಿಪ್ 30 — ಸತುವಿನ ಲೇಪ ಮುಗಿಯಿತು. ಎಲ್ಲ ಕೆಂಪು ಕಾರಿನವು. ಅರವತ್ತು ವರ್ಷದ ಹಿಂದೆ ಕಾರ್ಖಾನೆಯಿಂದ ಹೊರಟ ದಿನ ಹೇಗಿದ್ದವೋ ಹಾಗೆ ಕಾಣಬೇಕು. ಹೆಚ್ಚು ಹೊಳೆಯಬಾರದು. ಜೊತೆಗೆ ಈ ಹಳೇ ಕಾರುಗಳ ಗ್ಯಾರೇಜ್ ನಡೆಸುವ ಷಡ್ಡಕನಿಗೆ ಇದು ಯಾವತ್ತೂ ತಲೆಗೆ ಹೋಗಿಲ್ಲ. ಹೊಳೆದದ್ದೆಲ್ಲ ಅವನಿಗೆ ಒಳ್ಳೆಯದು.

ಮಾತು ಬಿಟ್ಟು ಹದಿನಾಲ್ಕು ತಿಂಗಳು. ಕಾರ್ಖಾನೆಯವರೇ ಮಂಕಾಗಿ ಬಿಟ್ಟಿದ್ದ ಎಂಜಿನ್ ಮುಚ್ಚಳವನ್ನು ಉಜ್ಜಿ ಉಜ್ಜಿ ಕನ್ನಡಿ ಮಾಡಿದ್ದ. ನಿನಗೆ ಪಾತ್ರೆ ಅಂಗಡಿಯೇ ಸರಿ ಎಂದೆ, ಗಿರಾಕಿಯ ಎದುರಿಗೇ. ಈಗಲೂ ಅದು ತಪ್ಪೆನಿಸುವುದಿಲ್ಲ.

ಅಂದಿನಿಂದ ನೆಲಕ್ಕೆ ಬಿಳಿ ಗೆರೆ. ಹಿಂದಿನ ಕೋಣೆ, ಆಸಿಡ್, ಸತುವಿನ ತೊಟ್ಟಿ ನನ್ನ ಪಾಲು. ಮುಂದಿನ ಹಾಲ್, ಓವನ್, ಸತುವಿನ ಮೇಲೆ ಬಣ್ಣ ಕೂರಿಸುವ ಹಳದಿ ದ್ರಾವಣ, ಜೋಡಣೆ ಅವನ ಪಾಲು. ನಡುಬಾಗಿಲಿಗೆ ಕರಿಹಲಗೆ. ಒಬ್ಬ ಬರೆಯಬೇಕು. ಇನ್ನೊಬ್ಬ ಓದಿ, ಟಿಕ್ ಹಾಕಿ, ಅಳಿಸಬೇಕು. ನಿಯಮ ಮಾಡಿದವರು ನಮ್ಮ ಹೆಂಡತಿಯರು, ಅಕ್ಕತಂಗಿ. ಇಷ್ಟು ಸಾಕು. ಬದುಕಲು ಇಷ್ಟೇ ಮಾತು ಸಾಕು.

ಜೂನ್ 9, ಶನಿವಾರ

ಹಲಗೆಯ ಮೇಲೆ ಬರೆದೆ: ‘ಸ್ಪ್ರಿಂಗ್ 6. ನಾಲ್ಕು ಗಂಟೆಯೊಳಗೆ ಓವನ್‌ಗೆ. 200 ಡಿಗ್ರಿ, ಎಂಟು ಗಂಟೆ. ಆಮೇಲೆ ಹಳದಿ.’

ಆಸಿಡ್ ಮುಟ್ಟಿದ ಗಟ್ಟಿ ಉಕ್ಕು ಹೈಡ್ರೋಜನ್ ಕುಡಿಯುತ್ತದೆ. ತಕ್ಷಣ ಕಾಯಿಸಿ ಅದನ್ನು ಹೊರಗೆ ಹಾಕದಿದ್ದರೆ, ಬಿಗಿದು ಕೂರಿಸಿದ ಮೇಲೆ ಯಾವತ್ತೋ ಒಂದು ದಿನ ಬಿರಿಯುತ್ತದೆ. ನಿಂತಲ್ಲೇ. ಮೇಲ್ನೋಟಕ್ಕೆ ಏನೂ ತಿಳಿಯುವುದಿಲ್ಲ. ಸಾದಾ ಕಬ್ಬಿಣಕ್ಕೆ ಈ ರಗಳೆ ಇಲ್ಲ. ಅದಕ್ಕೇ ಪ್ರತಿ ಸಲ ಬರೆಯುತ್ತೇನೆ.

ಸಂಜೆ ನೋಡಿದರೆ ಟಿಕ್ ಪಕ್ಕದಲ್ಲಿ ಅವನ ಕೋಳಿಕಾಲು ಅಕ್ಷರ: ‘ಗೊತ್ತು. ಪಾಠ ಬೇಡ.’

ಆಗಲಿ.

ಜೂನ್ 11, ಸೋಮವಾರ

ಹಲ್ಲಿನ ಡಾಕ್ಟರ್ ಬಂದಿದ್ದರು. ಕೆಂಪು ಕಾರು ಅವರದು. ಎಪ್ಪತ್ತು ದಾಟಿದ್ದಾರೆ, ಸ್ಟೀರಿಂಗ್ ಇನ್ನೊಬ್ಬರಿಗೆ ಕೊಡುವುದಿಲ್ಲ. ಜುಲೈ 1ಕ್ಕೆ ಹಳೇ ಕಾರುಗಳ ರ‍್ಯಾಲಿಯಂತೆ.

“ಸ್ಟೀರಿಂಗ್ ಬೋಲ್ಟ್ ಹೊಸದು ಹಾಕ್ಬೇಡಿ. ತಲೆ ಮೇಲೆ ಕಾರ್ಖಾನೆ ಮುದ್ರೆ ಇದೆಯಲ್ಲ, ನಂಗೆ ಅದೇ ಬೇಕು” ಎಂದರು. ನನ್ನನ್ನೂ ನೋಡಿದರು, ಗೆರೆಯಾಚೆ ಅವನನ್ನೂ ನೋಡಿದರು. “ಏನ್ರೀ, ಒಬ್ಬರನ್ನ ಕೇಳಿದ್ರೆ ಇನ್ನೊಬ್ಬರು ಗೋಡೆ ನೋಡ್ತೀರ? ನನ್ನ ಹತ್ರ ಬರೋ ಹಲ್ಲುಗಳೇ ವಾಸಿ. ಹುಳ ಹಿಡಿದಿದ್ರೂ ಅಕ್ಕಪಕ್ಕ ಹೊಂದ್ಕೊಂಡಿರ್ತವೆ.”

ಷಡ್ಡಕ ಹಲ್ಲು ಕಿರಿದ. ನಾನು ಬೋಲ್ಟ್ ಎಣಿಸಿಕೊಂಡೆ. ಎಂಟು.

ಜೂನ್ 14, ಗುರುವಾರ. 11-25

ಎಂಟೂ ಸ್ಟೀರಿಂಗ್ ಬೋಲ್ಟ್ ತೊಟ್ಟಿಯಿಂದ ತೆಗೆದೆ. ಗಟ್ಟಿ ಉಕ್ಕಿನವು. ಹದವಾದ ಬೂದು. ಮುದ್ರೆಯ ಒಂದು ಗೆರೆಯೂ ಮುಚ್ಚಿಲ್ಲ. ನಾಲ್ಕು ಬ್ರಾಕೆಟ್ ಜೊತೆ ಒಂದೇ ತಟ್ಟೆಯಲ್ಲಿಟ್ಟು ಬಾಗಿಲಿಗೆ ಸರಿಸಿದೆ.

ಹಲಗೆಗೆ: ‘ಬ್ರಾಕೆಟ್ 4, ಬೋಲ್ಟ್ 8. 11-20.’ ಅಷ್ಟೇ. ಪಾಠ ಬೇಡ ಎಂದವನಿಗೆ ಪಾಠವಿಲ್ಲ.

ಅದೇ ದಿನ, 5-15

ನೀರಿನ ಕ್ಯಾನ್ ಅವನ ಕಡೆಗಿದೆ. ಕುಡಿಯಲು ಹೋದವನು ಓವನ್ ನೋಡಿದೆ. ಮುಳ್ಳು ತೊಂಬತ್ತರಲ್ಲಿ. ಒಳಗೆ ಕಪ್ಪು ಬಣ್ಣ ಹಚ್ಚಿದ ಮುಚ್ಚಳ ಎರಡು, ಬೆಳಿಗ್ಗೆಯಿಂದ ಇದ್ದವೇ. ಬೋಲ್ಟ್‌ಗಳು ಆಗಲೇ ತಂತಿಗೆ ನೇತಾಡುತ್ತಿದ್ದವು, ಹಳದಿ ತೊಟ್ಟಿಕ್ಕುತ್ತ. ಗಡಿಯಾರ ನೋಡಿದೆ. 5-10. ಕಾಯಿಸಲೇ ಇಲ್ಲ.

ನಾಲ್ಕು ಗಂಟೆ ದಾಟಿ, ಹಳದಿಯೂ ಆದ ಮೇಲೆ ಕಾಯಿಸಿ ಉಳಿಸುವಂತಿಲ್ಲ. ಎಂಟೂ ಗುಜರಿಗೆ.

ಬಣ್ಣ ಮಾತ್ರ ಚೆನ್ನಾಗಿ ಬಂದಿತ್ತು. ಎಣ್ಣೆ ಬಿದ್ದ ನೀರಿನ ಹಾಗೆ, ಹಸಿರು, ನಸುಗೆಂಪು... ಅವನು ನನ್ನ ಕಡೆ ನೋಡಿದ. ನೀರು ಕುಡಿದು ಬಂದೆ.

ಕೇಳಲಿ. ಕೇಳಿದರೆ ಹೇಳುತ್ತೇನೆ.

ಜೂನ್ 16, ಶನಿವಾರ

ಕೇಳಿಲ್ಲ. ಬೋಲ್ಟ್ ತಟ್ಟೆಯಲ್ಲೇ ಇವೆ. ಸೋಮವಾರ ಡಾಕ್ಟರ್ ಬರುತ್ತಾರೆ. ಅವರೆದುರೇ ಎತ್ತಿ ತೋರಿಸುವುದೆಂದುಕೊಂಡಿದ್ದೇನೆ. ‘ಗೊತ್ತು’ ಎಂದವನ ಗೊತ್ತು ಎಷ್ಟೆಂದು ಎಲ್ಲರಿಗೂ ಗೊತ್ತಾಗಲಿ.

ಮೈ ಬಿಸಿ. ಗಂಟಲು ನೋವು.

ಜೂನ್ 25, ಸೋಮವಾರ

ಒಂಬತ್ತು ದಿನ ಜ್ವರ. ಇವತ್ತು ಬಂದೆ.

ಕಾರು ನಾಲ್ಕು ಚಕ್ರದ ಮೇಲೆ ನಿಂತಿದೆ. ತಟ್ಟೆ ಖಾಲಿ. ಬಗ್ಗಿ ನೋಡಿದೆ. ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು. ಬಿಗಿದಿದ್ದಾನೆ.

ನಾನು ಮಲಗಿದ್ದಾಗ ಹೆಂಡತಿಗಾದರೂ ಹೇಳಬಹುದಿತ್ತು. ತಂಗಿಗೆ ಫೋನ್ ಮಾಡುತ್ತಿದ್ದಳು. ಆದರೆ ಅವಳು ಮೊದಲು ಕೇಳುವ ಪ್ರಶ್ನೆ ಯಾವುದೆಂದು ಗೊತ್ತು: ಅವತ್ತೇ ಯಾಕೆ ಹೇಳಲಿಲ್ಲ?

ಕಾಯಿಸದವು ಎಲ್ಲವೂ ಮುರಿಯುತ್ತವೆ ಎಂದೇನಿಲ್ಲ. ಎಷ್ಟೋ ತಡೆಯುತ್ತವೆ.

ಜೂನ್ 26, ಮಂಗಳವಾರ

ಬೆಳಿಗ್ಗೆ ಹತ್ತಕ್ಕೆ ಟ್ರಯಲ್ ನೋಡಲು ಕಾರು ತೆಗೆದ. ನಾನು ಒಳಗಿದ್ದೆ, ಶಬ್ದ ಕೇಳಿತು. ತೊಟ್ಟಿಯ ಮುಂದೆ ಕೂತೇ ಇದ್ದೆ, ಏನೂ ಅದ್ದಲಿಲ್ಲ. 10-50ಕ್ಕೆ ವಾಪಸ್ ಬಂದ.

ನೋಡಿ, ಹಿಡಿದಿವೆ.

ಜೂನ್ 27, ಬುಧವಾರ

ಹಲಗೆಗೆ ಬರೆದೆ: ‘ಸ್ಟೀರಿಂಗ್ ಬೋಲ್ಟ್ ಎಂಟೂ ಬಿಚ್ಚು.’ ಕಾರಣ ಬರೆಯಲಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಮಧ್ಯಾಹ್ನ ಉತ್ತರ: ‘ಜೋಡಣೆ ನನ್ನ ಕಡೆ. ನಿಮ್ಮ ಕಡೆ ನೀವು ನೋಡ್ಕೊಳ್ಳಿ.’

ಟಿಕ್ ಹಾಕಿದೆ. ಅಳಿಸಿದೆ. ಹೇಳಿದ್ದಾಯಿತು. ಇನ್ನು ಅವನ ಹಣೆಬರಹ.

ಆದರೆ ಭಾನುವಾರ ಓಡಿಸುವವರು ಅವನಲ್ಲ.

ಜೂನ್ 29, ಶುಕ್ರವಾರ. ಸಂಜೆ 4-00

ಬೆಳಿಗ್ಗೆ ಮೊದಲು ಬಂದವನು ನಾನು. ಗೆರೆಯ ಅಂಚು ಗುಡಿಸುವಾಗ ಆಚೆಯಿಂದ ಪೊರಕೆಗೆ ಏನೋ ಸಿಕ್ಕಿ ಟಣ್ ಎಂದು ಗೆರೆಯ ಈಚೆಗೆ ಉರುಳಿತು. ಬೋಲ್ಟ್‌ನ ತಲೆ. ಬಂಗಾರದ ಹಳದಿ. ಮುದ್ರೆ ಸ್ಪಷ್ಟ. ಕತ್ತಿನ ಹತ್ತಿರ ಸಕ್ಕರೆ ಅಚ್ಚು ಮುರಿದ ಹಾಗೆ ಹರಳು ಹರಳಾಗಿ ಒಡೆದಿತ್ತು. ಮೂರು ದಿನದಿಂದ ಕಾರನ್ನು ಯಾರೂ ಮುಟ್ಟಿಲ್ಲ. ನಿಂತಲ್ಲೇ.

ಅವನು ಬರುವವರೆಗೆ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದೆ. ಬಂದಾಗ ಗೆರೆ ದಾಟಿದೆ.

“ಇದು ಎಲ್ಲಿಂದ ಬಿತ್ತು ನೋಡು.”

ಹದಿನಾಲ್ಕು ತಿಂಗಳಲ್ಲಿ ಮೊದಲ ಮಾತು. ಧ್ವನಿ ನನ್ನದೆನಿಸಲಿಲ್ಲ. ಅವನು ಟಾರ್ಚ್ ಹಿಡಿದು ಚಕ್ರದ ಹಿಂದೆ ತೂರಿದ. ಬಹಳ ಹೊತ್ತು ಹೊರಗೆ ಬರಲಿಲ್ಲ.

“ಎಡಗಡೆದು” ಎಂದ ಅಲ್ಲಿಂದಲೇ.

“ಓವನ್‌ಗೆ ಹಾಕಿರಲಿಲ್ಲ ನೀನು.”

“ನೀವು ಬರೆದಿರಲಿಲ್ಲ.”

“ಗೊತ್ತು ಅಂದಿದ್ದೆ.”

“ಬ್ರಾಕೆಟ್ ಜೊತೆ ಬಂತು, ಸಾದಾ ಬೋಲ್ಟ್ ಅಂದ್ಕೊಂಡೆ. ಬೇಕಾದಾಗೆಲ್ಲ ಬರೀತಿದ್ರಿ ಭಾವ. ಬರೀಲಿಲ್ಲ ಅಂದ್ರೆ ಬೇಡ ಅಂತಲ್ವಾ?” ಹೊರಗೆ ಬಂದು ಕೈ ಒರೆಸಿಕೊಂಡ. “ಮೊನ್ನೆ ಬಿಚ್ಚು ಅಂತ ಬರೆದ್ರಲ್ಲ, ಅದು ಇದಕ್ಕಾ? ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ? ಹಾಗಾದ್ರೆ ಮೊನ್ನೆನೇ ಗೊತ್ತಿತ್ತು.”

ಬೋಲ್ಟ್ ತಲೆಯನ್ನು ತಟ್ಟೆಯಲ್ಲಿಟ್ಟೆ.

“ಯಾವಾಗ ಗೊತ್ತಾಯ್ತು?”

“ಹದಿನಾಲ್ಕನೇ ತಾರೀಕು. ಸಂಜೆ ಐದು ಹತ್ತು.”

ನಕ್ಕ. “ನಿಮಿಷದ ಸಮೇತ ಇಟ್ಕೊಂಡಿದ್ದೀರ.” ಆಮೇಲೆ ನಗು ನಿಂತಿತು. “ಮಂಗಳವಾರ ಕಾರು ತಗೊಂಡು ಹೋದೆನಲ್ಲ. ನಿಮ್ಮ ನಾದಿನಿ ಪಕ್ಕದಲ್ಲಿ ಕೂತಿದ್ಲು. ಅವಳೇ ಹಟ ಮಾಡಿ ಬಂದಿದ್ದು. ಇಳಿಜಾರಿನಲ್ಲಿ ಇನ್ನೂ ಜೋರಾಗಿ ಹೋಗಿ ಅಂದ್ಲು. ಹೋದೆ.”

ನನಗೆ ಅದು ಗೊತ್ತಿರಲಿಲ್ಲ. ಹಾಗೆಂದೆ.

“ನಾನಿದ್ದೆ ಅನ್ನೋದು ಗೊತ್ತಿತ್ತಲ್ಲ” ಎಂದ.

ಉಳಿದ ಏಳನ್ನೂ ಬಿಚ್ಚಿದ. ನಾನು ಟಾರ್ಚ್ ಹಿಡಿದೆ. ಇನ್ನೆರಡರ ತಲೆಗಳು ಸ್ಪಾನರ್ ತಾಗುತ್ತಲೇ ಕಳಚಿ ಕೈಗೆ ಬಂದವು. ಎಲ್ಲವನ್ನೂ ಸಾಲಾಗಿ ಇಟ್ಟು, ಫೋನ್ ತಂದು ನನ್ನ ಮುಂದೆ ಹಿಡಿದ. “ಡಾಕ್ಟರ್‌ಗೆ ನೀವೇ ಹೇಳಿ. ಅಕ್ಷರ ಚೆನ್ನಾಗಿರೋರು ನೀವು.”

ಹೇಳಿದೆ. ಬೋಲ್ಟ್ ಕಾಯಿಸಿರಲಿಲ್ಲ, ಬಿರಿದಿವೆ, ರ‍್ಯಾಲಿಗೆ ಕಾರು ಆಗುವುದಿಲ್ಲ, ಮುದ್ರೆಯ ಬೋಲ್ಟ್ ಇನ್ನು ಸಿಗುವುದೂ ಅನುಮಾನ. ಅವರು ಬೈಯಲಿಲ್ಲ.

“ಯಾವಾಗ ಗೊತ್ತಾಯ್ತು ನಿಮಗೆ?”

ಷಡ್ಡಕ ಎರಡು ಅಡಿ ದೂರದಲ್ಲಿ ನಿಂತಿದ್ದ.

“ಇವತ್ತು ಬೆಳಿಗ್ಗೆ” ಎಂದೆ.

“ಅಬ್ಬ. ಜೀವ ಉಳಿಸಿದ್ರಿ ಮಾರಾಯ್ರೇ. ನಾಳೆ ಹತ್ತು ಗಂಟೆಗೆ ಬಂದು ನಿಮ್ಮ ಕೈ ಕುಲುಕ್ತೀನಿ.”

ಫೋನ್ ಇಟ್ಟೆ. ಅವನ ಬಾಯಿಂದ ಒಂದು ಬೈಗುಳ ಬಂದಿದ್ದರೆ ಉತ್ತರ ಕೊಡಬಹುದಿತ್ತು. ಅವನು ಸೀದಾ ನಡುಬಾಗಿಲಿಗೆ ಹೋಗಿ ಸೀಮೆಸುಣ್ಣ ತೆಗೆದುಕೊಂಡ.

ಜೂನ್ 30, ಶನಿವಾರ. 9-45

ರಾತ್ರಿ ಹೆಂಡತಿ ಊಟ ಬಡಿಸಿಟ್ಟು ಒಳಗೆ ಹೋದಳು. ತಂಗಿ ಫೋನ್ ಮಾಡಿದ್ದಳಂತೆ. ಬೆಳಿಗ್ಗೆ ಹೊರಡುವಾಗ ಒಂದೇ ಮಾತು: “ಅವಳು ನಿಮ್ಮನ್ನ ಭಾವ ಅಂತ ಕರೆಯೋದು ಬಾಯಿಮಾತಿಗಲ್ಲ.”

ಷಡ್ಡಕ ಗೆರೆಯಾಚೆ ಸ್ಟೂಲ್ ಹಾಕಿಕೊಂಡು ಕೂತಿದ್ದಾನೆ. ಕೆಲಸ ಮಾಡುತ್ತಿಲ್ಲ. ಹಲಗೆ ನಿನ್ನೆ ಬರೆದ ಹಾಗೇ ಇದೆ. ಕೋಳಿಕಾಲು ಅಕ್ಷರವಲ್ಲ. ನನ್ನದರಂತೆ ಗುಂಡಗೆ, ಅಂತರ ಬಿಟ್ಟು, ಅಳೆದು ಬರೆದಿದ್ದಾನೆ, ದೂರದಿಂದಲೂ ಕಾಣುವ ಹಾಗೆ:

‘ಬೋಲ್ಟ್ 8. ಗೊತ್ತಾದದ್ದು: ಜೂನ್ 14, ಸಂಜೆ 5-10.’

ಡಾಕ್ಟರ್ ಒಳಗೆ ಬಂದರೆ ಮೊದಲು ಕಾಣುವುದು ಅದೇ. ಅವನು ಅಳಿಸುವುದಿಲ್ಲ. ಬರೆದವನು ಅಳಿಸುವಂತಿಲ್ಲ, ಓದಿದವನೇ ಅಳಿಸಬೇಕು. ನಿಯಮದ ಪ್ರಕಾರ ಡಸ್ಟರ್ ನನ್ನದು. ಈಗ ನನ್ನ ಎಡಗೈಯಲ್ಲೇ ಇದೆ.

ಮೊದಲು ಟಿಕ್ ಹಾಕಬೇಕು. ಓದಿದೆ, ಸರಿಯಾಗಿದೆ ಎಂದು.

9-55. ಹೋಗಿ ಟಿಕ್ ಹಾಕಿ ಬಂದೆ. ಅವನು ನೋಡುತ್ತಿದ್ದ. ಅಳಿಸಲು ಕೈ ಎತ್ತಿದಾಗಲೂ ನೋಡುತ್ತಲೇ ಇದ್ದ. ಕೈ ಇಳಿಸಿ ಒಳಗೆ ಬಂದೆ. ಇನ್ನೂ ಐದು ನಿಮಿಷವಿದೆ.

ಗೇಟಿನ ಸದ್ದು. ಬೇಗ ಬಂದರು. “ಎಲ್ರೀ ನನ್ನ ಜೀವ ಉಳಿಸಿದವರು?” ಹೆಜ್ಜೆ ಹಾಲ್ ದಾಟಿ ನಡುಬಾಗಿಲ ಹತ್ತಿರ ನಿಂತಿತು. ಓದುತ್ತಿದ್ದಾರೆ. ಡಸ್ಟರ್ ಇನ್ನೂ ನನ್ನ ಕೈಯಲ್ಲೇ ಇದೆ.