ಕೋಲು ಮುಟ್ಟದ ಬಿಡುಗಡೆ

ರೋಮ್, ತೈಬರ್ ನದಿಯಾಚೆಯ ಬಣ್ಣಗಾರರ ಕೇರಿ
ಮೇ ತಿಂಗಳ ನಡುವಿನ ಐಡ್ಸ್ ದಿನ ಕಳೆದ ಮರುದಿನ

ಓಸ್ತಿಯಾ ಬಂದರಿನಲ್ಲಿ ಮೂಟೆ ಹೊರುತ್ತಿರುವ ನನ್ನ ಎಪಾಫ್ರನಿಗೆ ಥಲ್ಲುಸಾಳ ಪ್ರೀತಿ. ಕೋಪವೂ ಇದೆ, ಅದನ್ನು ಆಮೇಲೆ ಕೊಡುತ್ತೇನೆ.

ಯಜಮಾನ ನೋನಿಯಸ್ ನಮಗೆ ಕೊಡುತ್ತೇನೆಂದದ್ದು ಪೂರ್ತಿ ಬಿಡುಗಡೆ. ನ್ಯಾಯ ಹೇಳುವ ಪ್ರೀಟರನ ಮುಂದೆ ನಿಲ್ಲಿಸಿ, ಮೈಗೆ ಕೋಲು ಮುಟ್ಟಿಸಿ, ರೋಮಿನ ಪೌರರನ್ನಾಗಿ ಮಾಡುತ್ತೇನೆಂದ. ಕೊಟ್ಟದ್ದು ಬರೀ ಬಾಯಿಮಾತು. ಸ್ಯಾಟರ್ನನ ಹಬ್ಬದ ಊಟದಲ್ಲಿ ದ್ರಾಕ್ಷಾರಸ ತಲೆಗೇರಿ, "ಹೋಗ್ರೋ, ಇವತ್ತಿಂದ ನೀವಿಬ್ರೂ ಸ್ವತಂತ್ರರು" ಅಂದ. ಗೆಳೆಯರು ಚಪ್ಪಾಳೆ ತಟ್ಟಿದರು. ಕೋಲು ಮುಂದಿನ ವರ್ಷ ಅಂದ. ಆ ಮುಂದಿನ ವರ್ಷ ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ನಮಗೆ ಉಯಿಲು ಬರೆಯುವ ಹಕ್ಕು ಇಲ್ಲ. ಮಗಳಿಗೆ ಬಣ್ಣ ಕಾಯಿಸುವ ಒಂದು ಕೊಪ್ಪರಿಗೆ ಬಿಟ್ಟುಹೋಗುವ ಹಕ್ಕೂ ಇಲ್ಲ. ದುಡಿದು ಸಾಯುವ ಹಕ್ಕು ಮಾತ್ರ ಧಾರಾಳವಾಗಿದೆ.

ಪಕ್ಕದ ಸ್ತಾಕಿಸ್ ತಾತನಿಗೂ ಇಂಥದೇ ಬಾಯಿಮಾತಿನ ಬಿಡುಗಡೆ. ಅವನು ಸತ್ತಾಗ ಹೆಣ ಇನ್ನೂ ಮನೆಯಲ್ಲಿರುವಾಗಲೇ ಅವನ ಯಜಮಾನನ ಆಳುಗಳು ಬಂದು ಕೊಪ್ಪರಿಗೆ, ಬಟ್ಟೆ, ಕೊನೆಗೆ ಸೌದೆಯನ್ನೂ ಹೊತ್ತುಕೊಂಡು ಹೋದರು. ಮಕ್ಕಳು ಗೋಡೆಗೆ ಒರಗಿ ನೋಡುತ್ತ ನಿಂತಿದ್ದವು. ಬದುಕಿದ್ದಾಗ ಸ್ವತಂತ್ರ, ಉಸಿರು ನಿಂತ ಗಳಿಗೆಯಲ್ಲಿ ಮತ್ತೆ ಗುಲಾಮ. ಇದಕ್ಕೆ ಕಾನೂನು ಎಂದು ಹೆಸರು. ನಾನು ಕಳ್ಳತನ ಎನ್ನುತ್ತೇನೆ.

ಆದರೆ ಅದೇ ಕಾನೂನಿನಲ್ಲಿ ಒಂದು ಕಿಂಡಿ ಉಳಿದಿದೆ. ನಮ್ಮಂಥವರು ಏಳು ಜನ ಪೌರರ ಎದುರು, ಸಂತಾನಕ್ಕಾಗಿ ಎಂದು ಹೇಳಿ ಮದುವೆಯಾಗಿ, ಹುಟ್ಟಿದ ಮಗುವಿಗೆ ವರ್ಷ ತುಂಬಿದರೆ, ಪ್ರೀಟರನ ಮುಂದೆ ಅದನ್ನು ರುಜುವಾತು ಮಾಡಿ ಮೂವರೂ ಪೌರರಾಗಬಹುದು. ಯಾವ ಯಜಮಾನನ ಅಪ್ಪಣೆಯೂ ಬೇಡ. ಅದಕ್ಕೆಂದೇ ಅಲ್ಲವೇ ನಾವು ಆ ಏಳು ಜನರನ್ನು ಕೂಡಿಸಿ ಮದುವೆಯಾದದ್ದು? ಈ ತಿಂಗಳ ಕೊನೆಗೆ ನಮ್ಮ ಪ್ರೀಮಿಲ್ಲಾಳಿಗೆ ವರ್ಷ ತುಂಬುತ್ತದೆ.

ಅಷ್ಟರಲ್ಲಿ ನೋನಿಯಸ್ ನಿನ್ನನ್ನು ಕರೆಸಿ, "ಅವಸರ ಯಾಕೋ ಮಗನೇ, ನಾನಿಲ್ವಾ?" ಅಂದ. ನೀನು ಜೇನು ನೆಕ್ಕಿದವನ ಹಾಗೆ ಮನೆಗೆ ಬಂದೆ. "ದೊಡ್ಡೋರು ಕಣೇ, ಮುನಿಸ್ಕೊಂಡ್ರೆ ಕಷ್ಟ" ಅಂದೆ. "ಕುತ್ತಿಗೇಲಿ ಗುಲಾಮರ ಪಟ್ಟಿ ಇಲ್ದಿದ್ರೂ ಬಗ್ಗೇ ನಿಂತಿದ್ದೀಯಲ್ಲೋ" ಅಂದೆ ನಾನು. ಹೊದಿಕೆ ಹೆಗಲಿಗೆ ಹಾಕಿಕೊಂಡು ಹೊರಟವನು ತಿರುಗಿ ನೋಡಲಿಲ್ಲ. ಆ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಬಾಗಿಲನ್ನೂ ಮುಚ್ಚಿಲ್ಲ.

ಮಗುವನ್ನು ಸೊಂಟಕ್ಕೇರಿಸಿಕೊಂಡು ಸಾಕ್ಷಿಗಳ ಮನೆಮನೆಗೂ ಹೋಗಿ ಬಂದೆ. ಮೀನಿನ ರಸ ಮಾರುವ ಕಾಸ್ಸಿಯಸ್ ಮೊದಲು ತಡವರಿಸಿದ. "ನೋನಿಯಸ್ಸನ ಅಡುಗೆಮನೆ ನನ್ನ ದೊಡ್ಡ ಗಿರಾಕಿ ಕಣಮ್ಮ" ಅಂದ. ಅವನ ಹೆಂಡತಿ ಒಳಗಿಂದಲೇ, "ಮದ್ವೆ ಊಟ ಉಂಡಾಗ ಗಿರಾಕಿ ನೆನಪಾಗ್ಲಿಲ್ವಾ? ಬಾಯಿಗೇನು ಮುಚ್ಚಳ ಹಾಕಿದ್ಯಾ, ನಿನ್ನ ಜಾಡಿ ಥರ?" ಅಂದಳು. ಬರುತ್ತಾನೆ. ಕ್ಷೌರದ ವಿಬಿಯಸ್ ನಕ್ಕುಬಿಟ್ಟ: "ಆ ನೋನಿಯಸ್ಸನ ಗಂಟಲು ದಿನಾ ನನ್ನ ಕತ್ತಿ ಕೆಳಗಿರುತ್ತೆ. ಹೆದರಬೇಕಾದೋನು ಅವನು ತಾಯಿ!" ಏಳೂ ಜನ ಬರುತ್ತಾರೆ. ಇದನ್ನು ಕೇಳಿ ಕೇರಿಯಲ್ಲಿ ನಮ್ಮಂಥ ಇನ್ನೊಂದು ಜೋಡಿ ಮದುವೆಗೆ ಸಾಕ್ಷಿ ಹುಡುಕುತ್ತಿದೆ.

ಇಲ್ಲದಿರುವವನು ನೀನೊಬ್ಬನೇ. ಪ್ರೀಟರನ ಮುಂದೆ ಬಾಯಿ ತೆರೆಯಬೇಕಾದವನು ಗಂಡ. ಹೆಂಡತಿಗೆ ಬಾಯಿ ಬರಬೇಕಾದರೆ ಗಂಡ ಸತ್ತಿರಬೇಕಂತೆ! ಹೆತ್ತವಳು ನಾನು, ಸಾಕ್ಷಿ ಕೂಡಿಸಿದವಳು ನಾನು, ಆದರೂ ನೀನು ಬಾರದಿದ್ದರೆ ನನ್ನದು ಮೂಕಪ್ರಾಣಿಯ ಪಾಡು. ನೀನು ಸಾಯುವುದು ನನಗೆ ಬೇಡ, ಬಂದು ಮಾತಾಡು. ಯಜಮಾನನ ಮುಂದೆ ನಡುಗುವ ನಾಲಗೆ ಪ್ರೀಟರನ ಮುಂದೆಯೂ ನಡುಗಲಿ ಬಿಡು. ನಡುಗುತ್ತಲೇ ಹೇಳಿದರೂ ಅದು ಅಹವಾಲೇ.

ಮಗಳು ಗೋಡೆ ಹಿಡಿದು ನಿಲ್ಲುತ್ತಾಳೆ. ಬಣ್ಣದ ನೀರಿಗೆ ಕೈ ಹಾಕಿ, ಮೊಣಕೈವರೆಗೂ ನೀಲಿ ಮಾಡಿಕೊಂಡು, ನಿನ್ನ ಹಾಗೇ ಗಂಭೀರವಾಗಿ ಕೂರುತ್ತಾಳೆ.

ಇಂತಿ, ನಿನ್ನ ಜೊತೆ ಜಗಳವಾಡಲು ಇನ್ನೂ ಬಹಳ ಉಳಿಸಿಕೊಂಡಿರುವ,
ಥಲ್ಲುಸಾ

ತಾ.ಕ.: ಬರೆಯಬಾರದು ಅಂದುಕೊಂಡಿದ್ದೆ. ನಿನ್ನೆ ನೋನಿಯಸ್ ನಮ್ಮ ಬಣ್ಣದ ಅಂಗಡಿಗೇ ಬಂದಿದ್ದ. "ನಿನಗೂ ಮಗೂಗೂ ನಾಳೇನೇ ಕೋಲು ಮುಟ್ಟಿಸ್ತೀನಿ, ಗಂಡನ ವಿಷಯ ಮರೆತುಬಿಡು" ಅಂದ. ಅವನ ಲೆಕ್ಕ ಇಷ್ಟೇ: ನೀನು ಅರೆಬರೆ ಸ್ವತಂತ್ರನಾಗಿಯೇ ಉಳಿದರೆ ಕೊಪ್ಪರಿಗೆಗಳೆಲ್ಲ ಕೊನೆಗೆ ಅವನಿಗೇ ಅಲ್ಲವೇ? ಒಪ್ಪಿಬಿಡಲೇ ಅನ್ನಿಸಿತು, ಎಪಾಫ್ರ. ಮಗಳ ಮುಖ ನೋಡಿದೆ. ಆಮೇಲೆ, "ನಾವು ಮೂವರು ಸ್ವಾಮಿ, ಮೂವರೂ ಬರ್ತೀವಿ" ಅಂದುಬಿಟ್ಟೆ. ನಿನ್ನನ್ನು ಕೇಳದೆ ನಿನ್ನ ಪರವಾಗಿ ಮಾತು ಕೊಟ್ಟಿದ್ದೇನೆ. ಜೂನ್ ಐದರ ನೋನ್ಸ್‌ನ ಹಿಂದಿನ ದಿನ, ಹಗಲಿನ ಎರಡನೇ ತಾಸು, ಪ್ರೀಟರನ ಕಟ್ಟೆಯ ಮುಂದೆ.