ರಜಾದಿನದ ಅಂದಾಜು

ಫೆಬ್ರವರಿ 24, ಮಂಗಳವಾರ. ಟಾಲಿನ್, ಗ್ಯಾಸ್ ನಿಯಂತ್ರಣ ಕೊಠಡಿ.

ಸ್ವಾತಂತ್ರ್ಯ ದಿನ, ಕಾರ್ಖಾನೆಗಳಿಗೆ ರಜೆ ಎಂದು ಇವತ್ತಿಗೆ ಗ್ಯಾಸ್ ಕಡಿಮೆ ತರಿಸಿದ್ದು ನಾನೇ. ಮೈನಸ್ ಇಪ್ಪತ್ತೆರಡರ ಚಳಿಗೆ ಊರೆಲ್ಲ ಮೆರವಣಿಗೆ ಬಿಟ್ಟು ಮನೆಯಲ್ಲೇ ಕೂತು ಗ್ಯಾಸ್ ಉರಿಸಿತು. ಕೊಳವೆಯ ಒತ್ತಡ ಇಳಿಯುತ್ತಲೇ ಹೋಯಿತು. ಇನ್ನಷ್ಟು ಇಳಿದರೆ ಕೊಳವೆಯ ತುದಿಯಲ್ಲಿರುವ ಮುದುಕ ಎಂಡೆಲ್ ಸೌತೆಕಾಯಿ ಬೆಳೆಯುವ ಗಾಜಿನಮನೆಗೆ ಗ್ಯಾಸ್ ನಿಲ್ಲಿಸಬೇಕಿತ್ತು. ಆದರೂ ಕೊಳವೆಯೊಳಗೆ ಉಳಿದಿರುವುದೇ ಸಾಕಾದೀತೆಂದು ಮೂರು ಗಂಟೆ ಪರದೆ ನೋಡುತ್ತ ಕೂತೆ. ಬೇರೆಯವರಲ್ಲಿ ಗ್ಯಾಸ್ ಕೇಳಿದರೆ ನನ್ನ ಅಂದಾಜು ತಪ್ಪೆಂದು ಒಪ್ಪಿಕೊಂಡಂತೆ.

ಕೊನೆಗೆ ನೆರೆದೇಶದ ರೀಗಾದ ನಿಯಂತ್ರಣ ಕೊಠಡಿಗೆ ಫೋನ್ ಮಾಡಿ, ಅವರ ನೆಲದಡಿಯ ಸಂಗ್ರಹದಿಂದ ಕಳಿಸಲು ಕೇಳಿದೆ. ಅಲ್ಲಿ ಪಾಳಿಯಲ್ಲಿದ್ದ ಸ್ಕೈದ್ರಿತೆ ನಕ್ಕಳು: "ಹಬ್ಬದ ದಿನಾನೂ ನಮ್ಮನೆಗೇ ಊಟಕ್ಕೆ ಬಂದ್ಯಾ? ಕಳಿಸ್ತೀನಿ ಕಣಯ್ಯಾ. ಮೊದಲೇ ಬಾಯಿ ಬಿಡೋಕೇನಾಗಿತ್ತು?"

ಸಂಜೆ ಎಂಡೆಲ್ ಫೋನು. "ಹಬ್ಬ ಚೆನ್ನಾಗಾಯ್ತೇನಪ್ಪಾ? ನಮ್ಮ ಗಿಡಗಳೆಲ್ಲ ಬೆಚ್ಚಗವೆ."

ಕೊಳವೆಯ ಒತ್ತಡ ಏರಿದೆ. ನಿದ್ದೆ ಬರುತ್ತಿಲ್ಲ. ಆ ಮೂರು ಗಂಟೆ ನಾನು ಕಾಯುತ್ತಿದ್ದದ್ದು ಅವನ ಗಿಡಗಳನ್ನಲ್ಲ, ನನ್ನ ಮರ್ಯಾದೆಯನ್ನು ಎಂಬುದನ್ನು ಅವನಿಗೆ ಹೇಳಲಿಲ್ಲ.